ಬೆರ್ಗ್ ಬೇರೆ, ಬುರ್ಗ್ ಬೇರೆ: ಬರ್ಗರ್‌ನಿಂದ ಡಾಲರ್‌ವರೆಗೆ

ಪ್ರಶ್ನೆ: ಐಸ್‌ಬರ್ಗ್, ಬರ್ಗರ್, ಝುಕರ್‌ಬರ್ಗ್, ಹೈಡೆಲ್‌ಬರ್ಗ್, ಹ್ಯಾಂಬರ್ಗ್ – ಇವುಗಳಲ್ಲೆಲ್ಲ ಬರುವ ‘ಬರ್ಗ್’ ಒಂದೇ ಪದವೇ? ಒಂದು ಕಡೆ ‘ಕೋಟೆ’ ಎಂದು ಓದಿದೆ, ಇನ್ನೊಂದು ಕಡೆ ‘ಬೆಟ್ಟ’ ಎಂದಿತ್ತು. ನಮ್ಮ ದುರ್ಗ, ಬುರುಜು, ಕಲಬುರಗಿಗೂ ಇದಕ್ಕೂ ನಂಟಿದೆಯೇ? ಡಾಲರ್ ಮತ್ತು ನಿಯಾಂಡರ್ತಾಲ್ ಎರಡರಲ್ಲೂ ಒಂದೇ ಜರ್ಮನ್ ಪದ ಅಡಗಿದೆ ಎನ್ನುತ್ತಾರೆ, ನಿಜವೇ? ನಿಕ್ಕಲ್ ಲೋಹಕ್ಕೂ ಪಂಪರ್‌ನಿಕಲ್ ಬ್ರೆಡ್ಡಿಗೂ ಏನಾದರೂ ಸಂಬಂಧ? ಮಗಳು ಜರ್ಮನ್ ಕಲಿಯಲು ಶುರು ಮಾಡಿದ್ದಾಳೆ, ದಿನಕ್ಕೊಂದು ಕೇಳುತ್ತಾಳೆ.

ಉತ್ತರ: ನೀವು ಓದಿದ ಎರಡೂ ಸರಿ. ಜರ್ಮನ್‌ನಲ್ಲಿ ಎರಡು ಪದಗಳಿವೆ. ‘ಬೆರ್ಗ್’ ಎಂದರೆ ಬೆಟ್ಟ, ‘ಬುರ್ಗ್’ ಎಂದರೆ ಕೋಟೆ. ಬರೆಯುವಾಗ ಒಂದಕ್ಕೆ ರೋಮನ್ ಲಿಪಿಯ ‘ಇ’, ಇನ್ನೊಂದಕ್ಕೆ ‘ಯು’. ಜರ್ಮನರ ಬಾಯಲ್ಲಿ ಇವು ಎಂದೂ ಬೆರೆಯುವುದಿಲ್ಲ, ಎ ಸ್ವರ ಮತ್ತು ಉ ಸ್ವರ ಸ್ಪಷ್ಟವಾಗಿ ಬೇರೆಬೇರೆಯಾಗಿ ಕೇಳುತ್ತವೆ. ಬೆರೆಸಿದ್ದು ಇಂಗ್ಲಿಷ್. ಇಂಗ್ಲಿಷ್ ನಾಲಿಗೆಗೆ ರಕಾರದ ಹಿಂದಿನ ಈ ಎರಡು ಸ್ವರಗಳೂ ಒಂದೇ ಮಂಕು ಧ್ವನಿಯಾಗುತ್ತವೆ. ನಮಗೆ ಈ ಹೆಸರುಗಳು ಇಂಗ್ಲಿಷ್ ಮೂಲಕ ಬಂದದ್ದರಿಂದ ನಾವೂ ಎರಡನ್ನೂ ‘ಬರ್ಗ್’ ಎಂದು ಬರೆದೆವು. ಕನ್ನಡ ಲಿಪಿಗೆ ಎರಡನ್ನೂ ಬೇರೆಯಾಗಿ ತೋರಿಸುವ ಶಕ್ತಿ ಮೊದಲಿನಿಂದಲೂ ಇದೆ. ಇಂಗ್ಲಿಷರ ಕಿವಿಯ ಮಿತಿಯನ್ನು ನಾವು ಹೊತ್ತುಕೊಳ್ಳಬೇಕಾದ್ದಿಲ್ಲ.

ಮಗಳಿಗೆ ಉಚ್ಚಾರಣೆ ಹೇಳಿಕೊಡುವಾಗ ಒಂದು ಸಂಗತಿ ಗಮನಿಸಿ. ಜರ್ಮನ್‌ನಲ್ಲಿ ಪದದ ಕೊನೆಯ ಗಕಾರ ಕಕಾರವಾಗುತ್ತದೆ. ಹಾಗಾಗಿ ಹೈಡೆಲ್‌ಬೆರ್ಗ್ ಕೇಳುವುದು ‘ಹೈಡೆಲ್‌ಬೆರ್ಕ್’ ಎಂದು, ಹಾಂಬುರ್ಗ್ ‘ಹಾಂಬುರ್ಕ್’ ಎಂದು. ಅದರ ಮುಂದೆ ಸ್ವರ ಬಂದ ಕೂಡಲೇ ಗಕಾರ ಮರಳುತ್ತದೆ: ಹಾಂಬುರ್ಗರ್. ಬರೆಯುವಾಗ ಗಕಾರವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಈ ಕೊಂಡಿ ಕಣ್ಣಿಗೆ ಕಾಣದು.

ನಿಮ್ಮ ಪಟ್ಟಿಯನ್ನು ವಿಂಗಡಿಸೋಣ. ಐಸ್‌ಬರ್ಗ್, ಹೈಡೆಲ್‌ಬರ್ಗ್, ಝುಕರ್‌ಬರ್ಗ್ ಮೂರೂ ಬೆಟ್ಟದ ಕಡೆಯವು. ಹ್ಯಾಂಬರ್ಗ್, ಬರ್ಗರ್ ಕೋಟೆಯ ಕಡೆಯವು. ಇವುಗಳಲ್ಲಿ ಐಸ್‌ಬರ್ಗ್ ಬಹುಮಟ್ಟಿಗೆ ಡಚ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಡಚ್ಚಿನಲ್ಲೂ ಬೆರ್ಗ್ ಎಂದರೆ ಬೆಟ್ಟವೇ. ಇಂಗ್ಲಿಷರು ಮೊದಲರ್ಧವನ್ನು ತಮ್ಮ ‘ಐಸ್’ ಮಾಡಿಕೊಂಡು ಉಳಿದರ್ಧವನ್ನು ಹಾಗೇ ಬಿಟ್ಟರು. ಝುಕರ್‌ಬೆರ್ಗ್ ಎಂದರೆ ಅಕ್ಷರಶಃ ಸಕ್ಕರೆ ಬೆಟ್ಟ. ಅದರ ‘ಝುಕರ್’ ನಮ್ಮ ಸಕ್ಕರೆಯೇ. ಸಂಸ್ಕೃತದ ಶರ್ಕರಾ ಪ್ರಾಕೃತದ ದಾರಿಯಲ್ಲಿ ನಮಗೆ ಸಕ್ಕರೆಯಾಯಿತು. ಅದೇ ಪದ ಪರ್ಷಿಯನ್, ಅರಬ್ಬಿ, ಇಟಾಲಿಯನ್ ದಾಟಿ ಜರ್ಮನರಿಗೆ ‘ತ್ಸುಕರ್’ ಆಯಿತು. ಸರಕಿನ ಜೊತೆಗೇ ಹೆಸರೂ ಪ್ರಯಾಣ ಮಾಡಿತು.

ಬೆರ್ಗ್ ಮತ್ತು ಬುರ್ಗ್ ಎರಡಕ್ಕೂ ನಮ್ಮ ಕಡೆಯ ನಂಟು ಇರುವುದು ಇನ್ನೊಂದು ಬಗೆಯದು. ಅದು ಸಾಲವಾಗಿ ಕೊಟ್ಟು ತಂದದ್ದಲ್ಲ, ಒಂದೇ ಮನೆಯಿಂದ ಬೇರೆಯಾಗಿ ಹೋದದ್ದು. ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ‘ಎತ್ತರ’ ಎಂಬ ಅರ್ಥದ ಒಂದು ಹಳೆಯ ಧಾತುವಿತ್ತು. ಅದೇ ಸಂಸ್ಕೃತದಲ್ಲಿ ಬೃಹತ್, ಜರ್ಮನ್‌ನಲ್ಲಿ ಬೆರ್ಗ್. ಬುರ್ಗ್ ಕೂಡ ಅದೇ ಧಾತುವಿನ ಇನ್ನೊಂದು ರೂಪ ಎಂದು ಹೆಚ್ಚಿನ ಭಾಷಾವಿದರು ಒಪ್ಪುತ್ತಾರೆ. ಎತ್ತರದ ಜಾಗದಲ್ಲಿ ಕಟ್ಟಿದ್ದು ಕೋಟೆ. ಅಂದರೆ ಇಂದಿನ ಜರ್ಮನ್‌ನಲ್ಲಿ ಎರಡು ಪದ, ಬೇರಿನಲ್ಲಿ ಪ್ರಾಯಶಃ ಒಂದೇ.

ಸಂಸ್ಕೃತದಲ್ಲಿ ಹಕಾರ, ಜರ್ಮನ್‌ನಲ್ಲಿ ಗಕಾರ – ಇದನ್ನು ಹೇಗೆ ನಂಬುವುದು ಎಂದು ಮಗಳು ಕೇಳಬಹುದು, ಕೇಳಲೇಬೇಕು. ಒಂದೇ ಜೋಡಿ ಸಿಕ್ಕರೆ ಅದು ಕಾಕತಾಳೀಯ. ಸಾಲಾಗಿ ಸಿಕ್ಕರೆ ನಿಯಮ. ಸಂಸ್ಕೃತದ ಹಂಸ ಜರ್ಮನ್‌ನಲ್ಲಿ ‘ಗನ್ಸ್’, ಅರ್ಥ ಬಾತಿನ ಜಾತಿಯ ಹಕ್ಕಿ. ಸಂಸ್ಕೃತದ ವಾಹನಕ್ಕೆ ಜರ್ಮನ್‌ನ ‘ವಾಗನ್’, ಅರ್ಥ ಗಾಡಿ. ಬೃಹತ್ತಿಗೆ ಬೆರ್ಗ್. ಮೂರರಲ್ಲೂ ಅಲ್ಲಿಯ ಗಕಾರದ ಜಾಗದಲ್ಲಿ ನಮಗೆ ಹಕಾರ. ಫೋಕ್ಸ್‌ವಾಗನ್ ಕಾರಿನ ಹೆಸರನ್ನು ಬಿಡಿಸಿದರೆ ‘ಫೋಲ್ಕ್ಸ್’ ಎಂದರೆ ಜನರ, ‘ವಾಗನ್’ ಎಂದರೆ ವಾಹನ. ರಸ್ತೆಯಲ್ಲಿ ದಿನಾ ಕಾಣುವ ಆ ಹೆಸರಿನ ಎರಡನೆಯ ಅರ್ಧ ನಮ್ಮ ‘ವಾಹನ’ ಪದದ ದಾಯಾದಿ. ಸಂಸ್ಕೃತದ ಎಲ್ಲ ಹಕಾರಕ್ಕೂ ಇದು ಅನ್ವಯಿಸುವುದಿಲ್ಲ, ಒಂದು ನಿರ್ದಿಷ್ಟ ಮೂಲಧ್ವನಿಯಿಂದ ಬಂದ ಹಕಾರಕ್ಕೆ ಮಾತ್ರ.

ಇದೇ ಅಳತೆಗೋಲಿನಿಂದ ನಿಮ್ಮ ದುರ್ಗವನ್ನು ಅಳೆಯಿರಿ. ಬುರ್ಗ್ ಎಂದರೂ ಕೋಟೆ, ದುರ್ಗ ಎಂದರೂ ಕೋಟೆ, ಕಿವಿಗೂ ಪ್ರಾಸದಂತೆ ಕೂಡುತ್ತವೆ. ಆದರೆ ದುರ್ಗವನ್ನು ಒಡೆದು ನೋಡಿದರೆ ‘ದುರ್’ ಮತ್ತು ‘ಗ’ ಎಂಬ ಎರಡು ತುಂಡು. ದುರ್ ಎಂದರೆ ಕಷ್ಟ, ಗ ಎಂದರೆ ಹೋಗುವುದು. ಹೋಗಲು ಕಷ್ಟವಾದದ್ದು ದುರ್ಗ. ಬುರ್ಗ್ ಹೀಗೆ ಒಡೆಯುವುದಿಲ್ಲ, ಅದರ ಗಕಾರ ಧಾತುವಿನ ಭಾಗವೇ. ಅಲ್ಲದೆ ಮೇಲಿನ ನಿಯಮದ ಪ್ರಕಾರ ಅದಕ್ಕೆ ಸಮನಾದ ಸಂಸ್ಕೃತ ರೂಪದಲ್ಲಿ ಹಕಾರ ಇರಬೇಕು, ಗಕಾರವಲ್ಲ. ಆದ್ದರಿಂದ ಚಿತ್ರದುರ್ಗಕ್ಕೂ ಹಾಂಬುರ್ಗ್‌ಗೂ ಇರುವುದು ಧ್ವನಿಯ ಹೋಲಿಕೆ ಮಾತ್ರ. ಹೋಲಿಕೆ ಹೆಚ್ಚಿದ್ದಷ್ಟೂ ಅನುಮಾನ ಹೆಚ್ಚಬೇಕು ಎನ್ನುವುದು ಈ ವಿದ್ಯೆಯ ಮೊದಲ ಪಾಠ. ನಿಜವಾದ ನೆಂಟರು ಸಾವಿರಾರು ವರ್ಷ ಬೇರೆ ಬೇರೆ ಬಾಯಲ್ಲಿ ಸವೆದು, ಬೃಹತ್ ಮತ್ತು ಬೆರ್ಗ್‌ನಂತೆ, ಗುರುತೇ ಸಿಗದಷ್ಟು ಬೇರೆಯಾಗಿರುತ್ತಾರೆ.

ಬುರುಜು ಸ್ವಲ್ಪ ಬಿಗಿಯಾದ ಗಂಟು. ವಿಜಯಪುರದ ಉಪ್ಪಲಿ ಬುರುಜಿನ ‘ಬುರುಜು’ ಅರಬ್ಬಿಯ ಬುರ್ಜ್, ಪರ್ಷಿಯನ್ ಮೂಲಕ ನಮಗೆ ಬಂದದ್ದು. ಅರಬ್ಬಿಯ ಬುರ್ಜನ್ನು ಸಾಮಾನ್ಯವಾಗಿ ಗ್ರೀಕಿನ ‘ಪಿರ್ಗೊಸ್’ (ಗೋಪುರ) ಪದಕ್ಕೆ ಒಯ್ದು ಮುಟ್ಟಿಸುತ್ತಾರೆ. ಆ ಗ್ರೀಕ್ ಪದಕ್ಕೂ ಜರ್ಮನ್ ಬುರ್ಗ್‌ಗೂ ಬೇರು ಒಂದೇ ಎಂಬ ವಾದವಿದೆ, ಒಪ್ಪದವರೂ ಇದ್ದಾರೆ. ನಂಟು ಇದ್ದರೂ ಅದು ಗ್ರೀಸಿನ ಆಚೆಯದು. ಬುರುಜು ಜರ್ಮನ್‌ನಿಂದ ಬಂದದ್ದಂತೂ ಅಲ್ಲ. ಕಲಬುರಗಿಯ ಮಾತು ಇನ್ನೂ ಸುಲಭ. ಅದು 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಊರು. ಜರ್ಮನ್ ಮಾತಾಡುವ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಊರಿಗೆ ಹೆಸರು ಕೊಡಲು ಬುರ್ಗ್‌ಗೆ ದಾರಿಯೇ ಇರಲಿಲ್ಲ. ಎರವಲು ಪದ ಎಂದು ಯಾರಾದರೂ ಹೇಳಿದಾಗ ಮೊದಲು ಕೇಳಬೇಕಾದದ್ದು ಇದನ್ನೇ: ಯಾವಾಗ ಬಂತು, ಯಾರ ಬಾಯಲ್ಲಿ ಬಂತು?

ಊರ ಹೆಸರುಗಳಿಗೆ ಬಂದರೆ ತಪ್ಪು ದುಬಾರಿಯಾಗುವುದುಂಟು. ಜರ್ಮನಿಯಲ್ಲಿ ‘ಫ್ರೈಬುರ್ಗ್’ ಇದೆ, ‘ಫ್ರೈಬೆರ್ಗ್’ ಕೂಡ ಇದೆ. ಮೊದಲನೆಯದು ನೈಋತ್ಯ ಮೂಲೆಯಲ್ಲಿ, ಕಪ್ಪುಕಾಡಿನ ಅಂಚಿನಲ್ಲಿ, ಫ್ರಾನ್ಸ್ ಗಡಿಯ ಹತ್ತಿರ. ಅಲ್ಲಿಯ ವಿಶ್ವವಿದ್ಯಾಲಯ 1457ರದು. ಎರಡನೆಯದು ಪೂರ್ವದಲ್ಲಿ, ಸ್ಯಾಕ್ಸನಿಯಲ್ಲಿ, ಡ್ರೆಸ್ಡೆನ್ ಮತ್ತು ಕೆಮ್ನಿಟ್ಸ್ ನಡುವೆ. ಅಲ್ಲಿರುವುದು 1765ರಲ್ಲಿ ಶುರುವಾದ ಗಣಿವಿದ್ಯೆಯ ವಿಶ್ವವಿದ್ಯಾಲಯ. ಕನ್ನಡದಲ್ಲಿ ಎರಡನ್ನೂ ‘ಫ್ರೈಬರ್ಗ್’ ಎಂದೇ ಬರೆಯುತ್ತೇವೆ. ಓದಲು ಹೋಗುವವರು ಅರ್ಜಿ, ರೂಮು, ರೈಲು ಟಿಕೆಟ್ ಮಾಡುವಾಗ ಆ ಒಂದು ಸ್ವರವನ್ನು ನೋಡಿಕೊಳ್ಳಬೇಕು. ಗಣಿ ವಿಶ್ವವಿದ್ಯಾಲಯದ ಜರ್ಮನ್ ಹೆಸರು ‘ಬೆರ್ಗ್‌ಅಕಾಡೆಮಿ’. ಬೆಟ್ಟಕ್ಕೂ ಗಣಿಗೂ ಏನು ಸಂಬಂಧ ಎನ್ನಬೇಡಿ, ಅದಿರು ಸಿಕ್ಕುತ್ತಿದ್ದುದು ಬೆಟ್ಟ ಅಗೆದಾಗ. ಹಾಗಾಗಿ ಜರ್ಮನ್‌ನಲ್ಲಿ ‘ಬೆರ್ಗ್‌ವೆರ್ಕ್’ ಎಂದರೆ ಗಣಿ, ‘ಬೆರ್ಗ್‌ಮನ್’ ಎಂದರೆ ಗಣಿ ಕೆಲಸಗಾರ. ಈ ಗಣಿಯ ಬೆರ್ಗ್ ಇನ್ನೆರಡು ಪ್ಯಾರಾ ಕಳೆದು ಮತ್ತೆ ಬರುತ್ತದೆ.

ಕೋಟೆ ಇರುವ ಊರಿಗೆಲ್ಲ ಬುರ್ಗ್ ಎಂಬ ಹೆಸರಿಲ್ಲ, ಎಚ್ಚರ. ಸಾಲ್ಸ್‌ಬುರ್ಗ್ ಹೆಸರಿಗೆ ತಕ್ಕಂತೆ ‘ಉಪ್ಪಿನ ಕೋಟೆ’. ಆದರೆ ನ್ಯೂರ್ನ್‌ಬೆರ್ಗ್ ಊರಿನ ನೆತ್ತಿಯ ಮೇಲೆ ದೊಡ್ಡ ಕೋಟೆಯಿದ್ದರೂ ಊರಿನ ಹೆಸರು ಬೆಟ್ಟದ್ದೇ. 1050ರ ದಾಖಲೆಯಲ್ಲೇ ಅದು ‘ನೋರೆನ್‌ಬೆರ್ಕ್’ ಎಂದಿದೆ. ಅಲ್ಲಿಯ ಕೋಟೆಗೆ ಜನ ಹೇಳುವುದು ‘ನ್ಯೂರ್ನ್‌ಬೆರ್ಗರ್ ಬುರ್ಗ್’. ಬೆರ್ಗ್, ಬುರ್ಗ್ ಎರಡೂ ಒಂದೇ ಹೆಸರಿನಲ್ಲಿ ಬಂದಿವೆ, ಮಗಳಿಗೆ ಇದನ್ನೇ ಹತ್ತು ಸಲ ಹೇಳಿಸಿದರೆ ವ್ಯತ್ಯಾಸ ನಾಲಿಗೆಗೆ ಹತ್ತುತ್ತದೆ. ಮೊದಲ ತುಂಡಿನಲ್ಲೂ ಮೋಸವಿರುತ್ತದೆ. ರೇಗೆನ್ಸ್‌ಬುರ್ಗ್ ನೋಡಿ. ಇಂದಿನ ಜರ್ಮನ್‌ನಲ್ಲಿ ‘ರೇಗೆನ್’ ಎಂದರೆ ಮಳೆ. ‘ಮಳೆಕೋಟೆ’ ಎಂದು ಅರ್ಥ ಮಾಡಿದರೆ ಕವಿತೆಗೆ ಚೆಂದ, ಆದರೆ ತಪ್ಪು. ಆ ಊರಿನ ಬಳಿ ಡ್ಯಾನ್ಯೂಬ್ ಸೇರುವ ನದಿಯ ಹೆಸರು ರೇಗೆನ್. ನಿಘಂಟಿಗಿಂತ ಮುಂಚೆ ಭೂಪಟ ತೆರೆಯಬೇಕು.

ಇನ್ನು ಬರ್ಗರ್. ಎಲ್ಬ ಮತ್ತು ಆಲ್‌ಸ್ಟರ್ ನದಿಗಳ ನಡುವೆ 9ನೇ ಶತಮಾನದಲ್ಲಿ ‘ಹಮ್ಮಬುರ್ಗ್’ ಎಂಬ ಮಣ್ಣು-ಮರದ ಕೋಟೆಯಿತ್ತು, ಅದರ ಸುತ್ತ ಬೆಳೆದದ್ದೇ ಹಾಂಬುರ್ಗ್. ಜರ್ಮನ್‌ನಲ್ಲಿ ಊರಿನ ಹೆಸರಿಗೆ ‘ಎರ್’ ಸೇರಿಸಿದರೆ ಆ ಊರಿನವನು, ಆ ಊರಿನದು ಎಂದಾಗುತ್ತದೆ. ನಾವು ಬೆಂಗಳೂರಿಗ, ಮಂಗಳೂರಿಗ ಎಂದು ‘ಇಗ’ ಹಚ್ಚುವಂತೆ. ಹಾಂಬುರ್ಗಿನವನು ಹಾಂಬುರ್ಗರ್, ಫ್ರಾಂಕ್‌ಫುರ್ಟಿನದು ಫ್ರಾಂಕ್‌ಫುರ್ಟರ್, ವೀನ್ ಅಂದರೆ ವಿಯೆನ್ನಾದ್ದು ವೀನರ್. ಹೀಗೆ ಹಾಂಬುರ್ಗಿನ ಹೆಸರು ಹೊತ್ತ ಮಾಂಸದ ತಿನಿಸು ಅಮೆರಿಕಕ್ಕೆ ಹೋಯಿತು. ಅಲ್ಲಿ ಇಂಗ್ಲಿಷ್ ಕಿವಿಗೆ ಆರಂಭದ ‘ಹ್ಯಾಮ್’ ಹಂದಿಮಾಂಸದಂತೆ ಕೇಳಿತು. ಹ್ಯಾಮ್ ಒಂದು ಕಡೆ, ‘ಬರ್ಗರ್’ ಒಂದು ಕಡೆ ಎಂದು ಪದ ತಪ್ಪಾದ ಜಾಗದಲ್ಲಿ ತುಂಡಾಯಿತು. ಆಮೇಲೆ ಚೀಸ್‌ಬರ್ಗರ್, ನಮ್ಮಲ್ಲಿ ವೆಜ್ ಬರ್ಗರ್, ಆಲೂ ಬರ್ಗರ್. ಬೆಂಗಳೂರಿಗ ಎಂಬುದರಿಂದ ‘ಬೆಂಗಳ’ ಕಿತ್ತು ‘ಊರಿಗ’ ಮಾತ್ರ ಉಳಿಸಿಕೊಂಡರೆ ಹೇಗೋ ಹಾಗೆ. ಜರ್ಮನ್‌ನಲ್ಲಿ ‘ಬ್ಯುರ್ಗರ್’ ಎಂಬ ಬೇರೆ ಪದವಿದೆ, ಅರ್ಥ ನಾಗರಿಕ, ಮೂಲದಲ್ಲಿ ಕೋಟೆಯೂರಿನ ನಿವಾಸಿ. ಅದರ ಸ್ವರಕ್ಕೆ ತುಟಿ ಉಕಾರಕ್ಕೆ ಮಾಡಿದಂತೆ ದುಂಡಗೆ ಮಾಡಿ ‘ಇ’ ಹೇಳಬೇಕು. ಮಗಳು ಇವೆರಡನ್ನು ಕಲಸಿದರೆ ‘ನಾಗರಿಕನನ್ನು ತಿಂದೆ’ ಎಂದಾಗುತ್ತದೆ.

ಈಗ ಡಾಲರ್. ನೀವು ಕೇಳಿದ್ದು ನಿಜ. ಡಾಲರ್‌ನಲ್ಲೂ ನಿಯಾಂಡರ್ತಾಲ್‌ನಲ್ಲೂ ಇರುವುದು ‘ಟಾಲ್’ ಎಂಬ ಒಂದೇ ಜರ್ಮನ್ ಪದ, ಅರ್ಥ ಕಣಿವೆ. ಫ್ರೈಬೆರ್ಗ್ ಇರುವ ಅದೇ ಬೆಟ್ಟಸಾಲಿಗೆ ಹೆಸರು ‘ಎರ್ಟ್ಸ್‌ಗೆಬಿರ್ಗೆ’, ಅಂದರೆ ಅದಿರಿನ ಬೆಟ್ಟಸಾಲು. ಬೆರ್ಗ್‌ನಿಂದಲೇ ಆದ ಇನ್ನೊಂದು ಪದ ಈ ‘ಗೆಬಿರ್ಗೆ’. ಅದರ ದಕ್ಷಿಣದ ಮೈಯಲ್ಲಿ, ಬೊಹೀಮಿಯಾದಲ್ಲಿ, ಯೋಆಖಿಮ್ಸ್‌ಟಾಲ್ ಎಂಬ ಬೆಳ್ಳಿ ಗಣಿಯ ಊರು. ಸಂತ ಯೋಆಖಿಮನ ಕಣಿವೆ ಎಂದು ಅರ್ಥ. ಇಂದು ಅದು ಚೆಕ್ ಗಣರಾಜ್ಯದ ಯಾಖಿಮೊವ್. 1520ರ ಹೊತ್ತಿಗೆ ಅಲ್ಲಿಯ ಶ್ಲಿಕ್ ಮನೆತನದ ಒಡೆಯರು ಸುಮಾರು 29 ಗ್ರಾಂ ತೂಕದ ದಪ್ಪ ಬೆಳ್ಳಿ ನಾಣ್ಯ ಹೊಡೆಸಿದರು. ಒಂದು ಮುಖದಲ್ಲಿ ಸಂತ ಯೋಆಖಿಮ, ಇನ್ನೊಂದರಲ್ಲಿ ಬೊಹೀಮಿಯಾದ ಸಿಂಹ. ಊರಿನ ಹೆಸರಿಗೆ ‘ಎರ್’ ಸೇರಿ ನಾಣ್ಯ ‘ಯೋಆಖಿಮ್ಸ್‌ಟಾಲರ್’ ಆಯಿತು. ಸಂತೆಯಲ್ಲಿ ಎಣಿಸುವಾಗ ಅಷ್ಟುದ್ದ ಯಾರು ಹೇಳುತ್ತಾರೆ? ತಲೆ ಕತ್ತರಿಸಿ ‘ಟಾಲರ್’ ಉಳಿಸಿಕೊಂಡರು. ಹಾಂಬುರ್ಗರ್‌ನಿಂದ ಬರ್ಗರ್ ಆದ ಹಾಗೆಯೇ. ಬರ್ಗರ್ ಎಂದರೆ ಕೋಟೆಯೂರಿನದು, ಡಾಲರ್ ಎಂದರೆ ಕಣಿವೆಯದು. ಎರಡಕ್ಕೂ ಬಾಲ ಒಂದೇ, ಎರಡಕ್ಕೂ ತಲೆ ಹೋಗಿದೆ.

ಟಕಾರ ಡಕಾರವಾದದ್ದು ಹೇಗೆ? ದಕ್ಷಿಣದ ಜರ್ಮನ್‌ನಲ್ಲಿ ಹಳೆಯ ಡಕಾರ ಟಕಾರವಾಯಿತು, ಉತ್ತರದ ಜರ್ಮನ್, ಡಚ್, ಇಂಗ್ಲಿಷ್‌ಗಳಲ್ಲಿ ಹಾಗೇ ಉಳಿಯಿತು. ಇಂಗ್ಲಿಷಿನ ಡೇ, ಡೋರ್, ಡಾಟರ್‌ಗಳಿಗೆ ಜರ್ಮನ್‌ನಲ್ಲಿ ಟಾಗ್, ಟ್ಯೂರ್, ಟೊಖ್ಟರ್. ಇದೇ ಸಾಲಿನಲ್ಲಿ ಟಾಲ್‌ಗೆ ಇಂಗ್ಲಿಷಿನ ‘ಡೇಲ್’. ನಾಣ್ಯ ಉತ್ತರಕ್ಕೆ ಹೋದಾಗ ಅಲ್ಲಿಯವರು ತಮ್ಮ ರೂಢಿಯಂತೆ ‘ಡಾಲರ್’ ಎಂದರು, ಡಚ್ಚರು ‘ಡಾಲ್ಡರ್’ ಎಂದರು, ಅಲ್ಲಿಂದ ಇಂಗ್ಲಿಷಿಗೆ ಬಂತು. ಅಮೆರಿಕ 1792ರ ನಾಣ್ಯ ಕಾನೂನಿನಲ್ಲಿ ಅದನ್ನೇ ತನ್ನ ಹಣದ ಹೆಸರು ಮಾಡಿಕೊಂಡಿತು. ಬೆಂಗಳೂರಿನ ಡಾಲರ್ಸ್ ಕಾಲೊನಿಯ ಹೆಸರಿನಲ್ಲಿ, ಚಿನ್ನದಂಗಡಿಯಲ್ಲಿ ಸರಕ್ಕೆ ಹಾಕಿಸಿಕೊಳ್ಳುವ ಡಾಲರ್‌ನಲ್ಲಿ ಇರುವುದೂ ಆ ಬೆಳ್ಳಿ ಗಣಿಯ ಕಣಿವೆಯೇ.

ಟಾಲ್ ನಮ್ಮ ‘ತಲ’ (ಕೆಳಭಾಗ, ನೆಲ) ಅಲ್ಲವೇ ಎಂದು ಅನೇಕರಿಗೆ ಅನ್ನಿಸುತ್ತದೆ, ಅರ್ಥವೂ ಒಪ್ಪುವಂತಿದೆ. ಅಲ್ಲ. ಸಂಸ್ಕೃತದ ತಕಾರಕ್ಕೆ ಜರ್ಮನ್‌ನಲ್ಲಿ ಸಿಗುವುದು ಡಕಾರ: ತ್ರಿಗೆ ‘ಡ್ರೈ’, ತನು ಅಂದರೆ ತೆಳ್ಳಗಿನದಕ್ಕೆ ‘ಡ್ಯುನ್’, ಭ್ರಾತೃವಿಗೆ ‘ಬ್ರೂಡರ್’. ತಲದ ನೆಂಟ ಜರ್ಮನ್‌ನಲ್ಲಿ ಇದ್ದಿದ್ದರೆ ಅದು ಡಕಾರದಿಂದ ಶುರುವಾಗಬೇಕಿತ್ತು.

ನಿಯಾಂಡರ್ತಾಲ್ ಕಥೆ ಡ್ಯುಸೆಲ್‌ಡೋರ್ಫ್ ಬಳಿಯದು. ಡ್ಯುಸೆಲ್ ಹೊಳೆಯ ಸುಣ್ಣಕಲ್ಲಿನ ಕಣಿವೆಗೆ 17ನೇ ಶತಮಾನದ ಭಕ್ತಿಗೀತೆಗಳ ಕವಿ ಯೋಆಖಿಮ್ ನೆಆಂಡರನ ಹೆಸರಿಟ್ಟರು. ಅವನ ಮನೆತನದ ಹೆಸರು ಮೊದಲು ‘ನೋಯ್‌ಮನ್’, ಹೊಸ ಮನುಷ್ಯ ಎಂದು. ಆ ಕಾಲದ ಓದಿದವರ ರೂಢಿಯಂತೆ ಅದನ್ನು ಗ್ರೀಕಿಗೆ ತಿರುಗಿಸಿ ನೆಆಂಡರ್ ಮಾಡಿಕೊಂಡಿದ್ದರು. 1856ರಲ್ಲಿ ಅಲ್ಲಿಯ ಕಲ್ಲುಗಣಿಯಲ್ಲಿ ಹಳೆಯ ಮಾನವನ ಮೂಳೆ ಸಿಕ್ಕವು. ಹೀಗೆ ಅಳಿದುಹೋದ ಮಾನವಜಾತಿಗೆ ‘ಹೊಸ ಮನುಷ್ಯನ ಕಣಿವೆ’ಯ ಹೆಸರು ಬಂತು. ಡಾಲರಿನ ಯೋಆಖಿಮ್ ಸಂತ, ಈ ಯೋಆಖಿಮ್ ಕವಿ. ಹೆಸರು ಕೂಡಿದ್ದು ಆಕಸ್ಮಿಕ.

ಕನ್ನಡದಲ್ಲಿ ಕೆಲವರು ‘ನಿಯಾಂಡರ್ಥಾಲ್’ ಎಂದು ಮಹಾಪ್ರಾಣ ಹಾಕುತ್ತಾರೆ. ಹಳೆಯ ಜರ್ಮನ್ ಬರವಣಿಗೆಯಲ್ಲಿ ಟಾಲ್ ಪದದ ಟಿ ಅಕ್ಷರದ ಪಕ್ಕ ಒಂದು ಎಚ್ ಇರುತ್ತಿತ್ತು, ಉಚ್ಚಾರಣೆಗೆ ಅದರಿಂದ ಏನೂ ಬದಲಾಗುತ್ತಿರಲಿಲ್ಲ. 1901ರ ಕಾಗುಣಿತ ಸುಧಾರಣೆಯಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಜೀವಿಯ ವೈಜ್ಞಾನಿಕ ಹೆಸರು 1864ರಲ್ಲೇ ನಿಗದಿಯಾಗಿತ್ತು, ಅದನ್ನು ಬದಲಿಸುವಂತಿಲ್ಲ. ಆದ್ದರಿಂದ ಅಲ್ಲಿ ಎಚ್ ಉಳಿದಿದೆ, ಅದನ್ನು ನೋಡಿ ನಾವು ಥಕಾರ ಮಾಡುತ್ತೇವೆ.

ನಿಕ್ಕಲ್‌ಗೆ ಬಂದರೆ ಮತ್ತೆ ಅದೇ ಅದಿರಿನ ಬೆಟ್ಟಸಾಲು. ಗಣಿಗಾರರಿಗೆ ತಾಮ್ರದ ಕೆಂಪು ಬಣ್ಣದ ಒಂದು ಅದಿರು ಸಿಗುತ್ತಿತ್ತು. ಎಷ್ಟು ಕಾಯಿಸಿದರೂ ತಾಮ್ರ ಬರುತ್ತಿರಲಿಲ್ಲ, ಬದಲಿಗೆ ಬೆಳ್ಳುಳ್ಳಿ ವಾಸನೆಯ ವಿಷದ ಹೊಗೆ ಏಳುತ್ತಿತ್ತು. ಅದಿರಿನಲ್ಲಿದ್ದದ್ದು ನಿಕ್ಕಲ್ ಮತ್ತು ಆರ್ಸೆನಿಕ್. ಗಣಿಯ ತುಂಟ ಭೂತ ತಾಮ್ರವನ್ನು ಕದ್ದು ಹಾಳು ಮಾಡಿದೆ ಎಂದು ಅದನ್ನು ‘ಕುಪ್ಫರ್‌ನಿಕಲ್’ ಎಂದು ಕರೆದರು. ಕುಪ್ಫರ್ ಎಂದರೆ ತಾಮ್ರ. ನಿಕಲ್ ಎಂಬುದು ನಿಕೊಲಾಸ್ ಹೆಸರಿನ ಮೊಟಕು ರೂಪ, ತುಂಟ ಭೂತಕ್ಕೂ ಅದೇ ಹೆಸರು. 1751ರಲ್ಲಿ ಸ್ವೀಡನ್ನಿನ ಖನಿಜ ವಿಜ್ಞಾನಿ ಕ್ರೋನ್‌ಸ್ಟೆಟ್ ಅಂಥ ಅದಿರಿನಿಂದ ಹೊಸ ಲೋಹ ತೆಗೆದು, ಭೂತದ ಹೆಸರನ್ನಷ್ಟೇ ಅದಕ್ಕೆ ಉಳಿಸಿದ. ಕೋಬಾಲ್ಟ್ ಕೂಡ ಹೀಗೆಯೇ, ‘ಕೋಬೋಲ್ಡ್’ ಎಂಬ ಇನ್ನೊಂದು ಭೂತದಿಂದ.

ಪಂಪರ್‌ನಿಕಲ್ ಜರ್ಮನಿಯ ವೆಸ್ಟ್‌ಫಾಲಿಯಾದ ಕಪ್ಪು ಬ್ರೆಡ್ಡು. ತರಿಯಾಗಿ ಒಡೆದ ರೈ ಧಾನ್ಯವನ್ನು ಮಂದ ಉರಿಯಲ್ಲಿ ಕನಿಷ್ಠ 16 ತಾಸು ಬೇಯಿಸುತ್ತಾರೆ, ಬಣ್ಣ ಬರುವುದು ಅದರಿಂದ. ಅದರ ನಿಕಲ್ ಇದೇ ನಿಕಲ್. ‘ಪುಂಪರ್ನ್’ ಎಂದರೆ ಹೂಸುವುದು. ಜೀರ್ಣಿಸಲು ಕಷ್ಟವಾದ ಬ್ರೆಡ್ಡಿಗೆ ಜನ ಇಟ್ಟ ಒರಟು ಹೆಸರು ಅದು. ನೆಪೋಲಿಯನ್ ಈ ಬ್ರೆಡ್ಡನ್ನು ನೋಡಿ ‘ನನ್ನ ಕುದುರೆ ನಿಕೋಲ್‌ಗೆ ಸರಿ’ ಎಂದನಂತೆ, ಅದರಿಂದ ಹೆಸರು ಬಂತಂತೆ ಎಂಬ ಕಥೆ ಬಹಳ ಕಡೆ ಓಡಾಡುತ್ತದೆ. ನೆಪೋಲಿಯನ್ ಹುಟ್ಟಿದ್ದು 1769ರಲ್ಲಿ, ಈ ಪದ 17ನೇ ಶತಮಾನದ ಬರಹಗಳಲ್ಲೇ ಇದೆ. ಇಂಥ ಕಥೆ ಬಂದಾಗ ಇಸವಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಕೊನೆಗೆ ಬರವಣಿಗೆಯ ಮಾತು. ಬರ್ಗರ್, ಐಸ್‌ಬರ್ಗ್, ಡಾಲರ್ ಕನ್ನಡದ ಬಾಯಿಗೆ ಒಗ್ಗಿಹೋಗಿವೆ, ಅವನ್ನು ಮುಟ್ಟಬಾರದು. ಊರು ಮತ್ತು ವ್ಯಕ್ತಿಗಳ ಹೆಸರನ್ನು ಮಾತ್ರ ಹೊಸದಾಗಿ ಬರೆಯುವಾಗ ಮೂಲದ ಅಕ್ಷರ ನೋಡಿ ಹೈಡೆಲ್‌ಬೆರ್ಗ್, ಗುಟೆನ್‌ಬೆರ್ಗ್, ಹಾಂಬುರ್ಗ್, ಮಾಗ್ಡೆಬುರ್ಗ್ ಎಂದು ಬರೆಯಿರಿ. ಲಕ್ಸೆಂಬರ್ಗ್ ಮಾತ್ರ ಇಂಗ್ಲಿಷ್ ಕಾಗುಣಿತದಲ್ಲಿ ಒ-ಯು ಎರಡೂ ಇರುವುದರಿಂದ ಗೊಂದಲ ಮಾಡುತ್ತದೆ. ಅದು ಫ್ರೆಂಚರ ಬರಹದ ರೀತಿ, ಪದ ಬುರ್ಗ್‌ನದೇ. 963ರ ದಾಖಲೆಯಲ್ಲಿ ಅದು ‘ಲುಸಿಲಿನ್‌ಬುರುಹುಕ್’, ಸಣ್ಣ ಕೋಟೆ.